ಆಕ್ಟೋಪಸ್‌ಗೆ ‘ಕೊಕ್ಕು’ ಅನ್ನಬಹುದಾ?

ಹಿತ್ತಲಗಿಡ:
ಮಕ್ಕಳಿಗಾಗಿ ಕಡಲ ಜೀವಿಗಳ ಬಗ್ಗೆ ಪುಟ್ಟ ಲೇಖನ ಬರೆದೆ. ‘ಆಕ್ಟೋಪಸ್ ತನ್ನ ಕೊಕ್ಕಿನಿಂದ ಏಡಿಯನ್ನು ಕಚ್ಚಿ ತಿನ್ನುತ್ತದೆ’ ಅಂತ ಒಂದು ಸಾಲಿತ್ತು. ಕರಡು ತಿದ್ದಿದವರು ‘ಕೊಕ್ಕು’ ಹೊಡೆದುಹಾಕಿ ‘ಬಾಯಿ’ ಮಾಡಿದ್ದಾರೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಇದೇನು ಹಕ್ಕಿಯಾ?’ ಅಂತ ಬೇರೆ! ಕೊಕ್ಕು ಹಕ್ಕಿಗೆ ಮಾತ್ರ ಮೀಸಲಾ? ‘ಚಂಚು’ ಅಂದರೆ ಸರಿಹೋಗುತ್ತಾ?

ಆಮೆನಡಿಗೆ:
ಚಂಚು ಬೇಡ. ಅದೂ ಕೊಕ್ಕೇ, ಸಂಸ್ಕೃತದ್ದು ಅಷ್ಟೇ. ಮಕ್ಕಳು ಅದಕ್ಕೊಂದು ಅರ್ಥ ಕೇಳುತ್ತಾರೆ.

ಆಮೆಯನ್ನೇ ನೋಡಿ. ಹಲ್ಲಿಲ್ಲ, ಉಗುರಿನಂಥ ಗಟ್ಟಿ ಅಂಚು. ಅದನ್ನು ಕೊಕ್ಕು ಅನ್ನದೆ ಇನ್ನೇನು ಅನ್ನೋಣ? ಆಕ್ಟೋಪಸ್‌ನದು ಎಂಟು ತೋಳುಗಳ ನಡುವೆ ಅಡಗಿರುತ್ತದೆ. ಗಿಳಿಯದರ ಹಾಗೇ ಬಾಗಿದ ಎರಡು ತುಂಡು, ಆದರೆ ತಲೆಕೆಳಗು. ಗಿಳಿಗೆ ಮೇಲಿನದು ಕೆಳಗಿನದರ ಮೇಲೆ ಬಾಗುತ್ತದೆ. ಇದಕ್ಕೆ ಕೆಳಗಿನದೇ ಮೇಲಿನದನ್ನು ಮುಚ್ಚುತ್ತದೆ. ಮೈಯೆಲ್ಲ ಮೆತ್ತಗೆ, ಇದೊಂದು ಮಾತ್ರ ಗಟ್ಟಿ. ಹಾಗಾಗಿ ಕೊಕ್ಕು ತೂರುವಷ್ಟು ಸಂದಿ ಸಿಕ್ಕರೆ ಸಾಕು, ಇಡೀ ಪ್ರಾಣಿ ನುಸುಳಿಬಿಡುತ್ತದೆ. ‘ಬಾಯಿ’ ಅಂತ ಬರೆದರೆ ಈ ಮಜಾ ಎಲ್ಲಿ ಉಳಿಯಿತು?

ಪದದಹುಚ್ಚ:
ಕೊಕ್ಕು ಒಂದೊಂದು ಭಾಷೆಯಲ್ಲಿ ಒಂದೊಂದು ಥರ. ತಮಿಳಿನಲ್ಲಿ ‘ಕೊಕ್ಕು’ ಅಂದರೆ ಹಕ್ಕಿಯೇ, ನಮ್ಮ ಕೊಕ್ಕರೆ, ಬೆಳ್ಳಕ್ಕಿಯಂಥದ್ದು. ಮಲಯಾಳದಲ್ಲಿ ಹಕ್ಕಿಯೂ ಹೌದು, ಅದರ ಮೂತಿಯೂ ಹೌದು. ತೆಲುಗಿನವರು ‘ಮುಕ್ಕು’ ಅನ್ನುತ್ತಾರೆ, ಮನುಷ್ಯರ ಮೂಗಿಗೂ ಅದೇ ಪದ. ಅವರೇ ಇಷ್ಟು ಧಾರಾಳ ಇರುವಾಗ ನಾವ್ಯಾಕೆ ಜಿಪುಣರಾಗಬೇಕು?

ಅಂದಹಾಗೆ, ‘ತಂಡದಿಂದ ಕೊಕ್’ ಅಂತ ಪತ್ರಿಕೆಯಲ್ಲಿ ಬರುತ್ತಲ್ಲ, ಅದು ಇದರ ನೆಂಟ ಅಲ್ಲ. ಖೋ-ಖೋ ಆಟದಿಂದ ಬಂದದ್ದು. ಚಿಕ್ಕವನಿದ್ದಾಗ ನಾನು ಯಾವುದೋ ಹಕ್ಕಿ ಬಂದು ಆಟಗಾರನನ್ನು ಕುಕ್ಕಿ ಓಡಿಸಿತು ಅಂದುಕೊಂಡಿದ್ದೆ.

ಬೆಳಗಿನಚಿಲಿಪಿಲಿ:
ಕುಕ್ಕು ಅಂದಿರಲ್ಲ, ಅದೂ ಹಕ್ಕಿಯ ಬಳಿಯೇ ಉಳಿದಿಲ್ಲ. ಹಕ್ಕಿ ಕಾಳು ಕುಕ್ಕುತ್ತದೆ, ಬೆಳಕು ಕಣ್ಣು ಕುಕ್ಕುತ್ತದೆ, ಸಿಟ್ಟು ಬಂದರೆ ನಾನು ಪಾತ್ರೆ ಕುಕ್ಕುತ್ತೇನೆ. ಗುಟುಕೂ ಹಾಗೇ. ತಾಯಿಹಕ್ಕಿ ಮರಿಯ ಬಾಯಿಗಿಡುವುದು ಗುಟುಕು, ನಾವು ನೀರು ಕುಡಿಯುವುದೂ ಗುಟುಕು ಗುಟುಕಾಗಿಯೇ. ಸುಮ್ನೆ ‘ಗಿಳಿಯಂಥ ಕೊಕ್ಕು’ ಅಂತ ಬರೆದುಬಿಡಿ.

ಹಿತ್ತಲಗಿಡ:
ಹಾಗೇ ಬರೆದೆ: ‘ತೋಳುಗಳ ನಡುವೆ ಬಚ್ಚಿಟ್ಟುಕೊಂಡ ಗಿಳಿಯಂಥ ಕೊಕ್ಕಿನಿಂದ’. ಕೆಂಪು ಶಾಯಿಯ ಕೆಳಗೆ ನಾನೂ ನೀಲಿಯಲ್ಲಿ ‘ಹಕ್ಕಿಯಲ್ಲ, ಆದರೂ ಕೊಕ್ಕಿದೆ’ ಅಂತ ಗೀಚಿ ಕಳಿಸಿದ್ದೇನೆ. ಇನ್ನು ಅವರು ಯಾವ ಕೊಕ್ಕೆ ಹಾಕುತ್ತಾರೋ ನೋಡಬೇಕು.