ಬಿ.ಪಿ. ಮಾತ್ರೆಗಳ ಕ್ರಮವನ್ನು ಸರಳಗೊಳಿಸಲು ಸಾಧ್ಯವೇ?

ಪ್ರಶ್ನೆ (ಮಲೆನಾಡಿನ ಮಗಳು)

ತೀರ್ಥಹಳ್ಳಿಯ ಸಮೀಪ ವಾಸವಾಗಿರುವ ನನ್ನ ತಾಯಿಯವರಿಗೆ ಅರವತ್ತೆಂಟು ವರ್ಷ. ಅಧಿಕ ರಕ್ತದೊತ್ತಡಕ್ಕೆ ಬೆಳಿಗ್ಗೆ ತಿಂಡಿಯಾದ ಮೇಲೆ ಅಮ್ಲೋಡಿಪಿನ್ 5 ಮಿ.ಗ್ರಾಂ. ಮತ್ತು ಹೈಡ್ರೋಕ್ಲೋರೋಥಯಾಜೈಡ್ 12.5 ಮಿ.ಗ್ರಾಂ., ರಾತ್ರಿ ಊಟವಾದ ಮೇಲೆ ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಬರೆದುಕೊಟ್ಟಿದ್ದಾರೆ. ಅಮ್ಮ ಔಷಧವೇ ಬೇಡ ಎನ್ನುವವರಲ್ಲ. ಆದರೂ ತಿಂಗಳ ಕೊನೆಗೆ ಮಾತ್ರೆಗಳು ಉಳಿದಿರುತ್ತವೆ. ಏಕಾದಶಿಯಂದು ತಿಂಡಿ ಇಲ್ಲವಾದ್ದರಿಂದ ಮಾತ್ರೆಯೂ ಇಲ್ಲ. ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೊರಟ ದಿನ, ದಾರಿಯಲ್ಲಿ ಮೂತ್ರಕ್ಕೆ ಅವಸರವಾದರೆ ಎಲ್ಲಿ ಇಳಿಯುವುದೆಂಬ ಭಯದಿಂದ ಬೆಳಗಿನ ಎರಡನ್ನೂ ಬಿಡುತ್ತಾರೆ. ಜೊತೆಗೆ, ‘ಮೊನ್ನೆ ನೋಡಿದಾಗ 128/80 ಇತ್ತಲ್ಲ, ಇನ್ನೇಕೆ?’ ಎಂಬ ವಾದ ಬೇರೆ. ಗದರಿಸಿ ಫಲವಿಲ್ಲವೆಂದು ಮನವರಿಕೆಯಾಗಿದೆ. ಔಷಧದ ಕ್ರಮವನ್ನೇ ಅವರ ದಿನಚರಿಗೆ ಹೊಂದುವಂತೆ ಬದಲಿಸಬಹುದೇ?

ಉತ್ತರ 1 (ತಾಲ್ಲೂಕು ಆಸ್ಪತ್ರೆಯ ವೈದ್ಯ)

ಬದಲಿಸಬಹುದು, ಆದರೆ ಅದನ್ನು ಅವರ ವೈದ್ಯರೇ ಮಾಡಬೇಕು. ನೀವು ಹೇಳಿದ ಮೂರೂ ಔಷಧಗಳು ಅದೇ ಪ್ರಮಾಣದಲ್ಲಿ ಒಂದೇ ಮಾತ್ರೆಯಾಗಿ ನಮ್ಮಲ್ಲಿ ಸಿಗುತ್ತವೆ. ರಕ್ತದೊತ್ತಡದ ಸಂಯುಕ್ತ ಮಾತ್ರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು; 2021ರ ಮಾರ್ಗಸೂಚಿಯಲ್ಲಿ, ರೋಗಿಗಳು ಚಿಕಿತ್ಸೆಯನ್ನು ಬಿಡದೆ ಮುಂದುವರಿಸಲು ನೆರವಾಗುತ್ತದೆಂಬ ಕಾರಣಕ್ಕೆ, ಇಂಥ ಒಂದೇ ಮಾತ್ರೆಗೆ ಆದ್ಯತೆ ಕೊಡುವಂತೆ ಸೂಚಿಸಿತು.

ಹೊತ್ತಿನ ವಿಷಯದಲ್ಲಿ ನಾವು ವೈದ್ಯರು ಅನಗತ್ಯವಾಗಿ ಬಿಗಿಯಾಗಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಬ್ರಿಟನ್ನಿನಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ‘ಟೈಮ್’ ಅಧ್ಯಯನದಲ್ಲಿ, ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಂಡವರಿಗೂ ಸಂಜೆ ತೆಗೆದುಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ‘ತಿಂಡಿಯಾದ ಮೇಲೆ’ ಎಂದು ಚೀಟಿಯಲ್ಲಿ ಬರೆಯುವುದೂ ಹೆಚ್ಚಾಗಿ ಅಭ್ಯಾಸಬಲ. ಈ ಮೂರು ಔಷಧಗಳನ್ನು ಖಾಲಿ ಹೊಟ್ಟೆಯಲ್ಲೂ ಸೇವಿಸಬಹುದು. ಆದರೆ ನೀರನ್ನೂ ಮುಟ್ಟದ ಉಪವಾಸವಾದರೆ ಮಾತು ಬೇರೆ: ಮೂತ್ರ ಹೆಚ್ಚಿಸುವ ಔಷಧವಾದ ಹೈಡ್ರೋಕ್ಲೋರೋಥಯಾಜೈಡ್ ಮತ್ತು ಟೆಲ್ಮಿಸಾರ್ಟನ್ ಎರಡೂ ಇರುವಾಗ ದೇಹದಲ್ಲಿ ನೀರಿನಂಶ ಕುಗ್ಗಿದರೆ ತಲೆಸುತ್ತು ಬರಬಹುದು, ಮೂತ್ರಪಿಂಡಕ್ಕೂ ತೊಂದರೆಯಾಗಬಹುದು, ಆದ್ದರಿಂದ ಮೊದಲೇ ಕೇಳಿಕೊಳ್ಳಿ. ಬಸ್ಸಿನ ದಿನ ಮಾತ್ರೆಯನ್ನು ಬಿಡುವ ಬದಲು ಊರು ತಲುಪಿದ ಮೇಲೆ ಮಧ್ಯಾಹ್ನ ತೆಗೆದುಕೊಳ್ಳಬಹುದೇ ಎಂದು ವಿಚಾರಿಸಿ. ಬಹುತೇಕ ವೈದ್ಯರು ಒಪ್ಪುತ್ತಾರೆ.

128/80 ಬಂದಿರುವುದು ಮಾತ್ರೆಯಿಂದಲೇ ಎಂಬುದನ್ನು ಬಾಯಲ್ಲಿ ಹೇಳಿದರೆ ನಂಬುವುದು ಕಷ್ಟ. ತೋಳಿಗೆ ಕಟ್ಟುವ ಯಂತ್ರವಿದ್ದರೆ, ಐದು ನಿಮಿಷ ಸುಮ್ಮನೆ ಕುಳಿತ ನಂತರ, ಮಾತನಾಡದೆ ನೋಡಿದ ಅಂಕಿಗಳನ್ನು ಅವರ ಕೈಯಿಂದಲೇ ಕ್ಯಾಲೆಂಡರಿನಲ್ಲಿ ಬರೆಸಿ. ಮಾತ್ರೆ ಬಿಟ್ಟ ವಾರದ ಅಂಕಿಗಳೇ ನಮಗಿಂತ ಚೆನ್ನಾಗಿ ಮಾತನಾಡುತ್ತವೆ.

ಉತ್ತರ 2 (ಔಷಧದಂಗಡಿಯವನು)

ವೈದ್ಯರು ಹೇಳಿದ್ದಕ್ಕೆ ಅಂಗಡಿಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ವಾರದ ಏಳು ಮನೆಗಳ ಡಬ್ಬಿ ತಂದು ಎಲ್ಲ ಮಾತ್ರೆಗಳನ್ನು ಬಿಡಿಸಿ ತುಂಬಿಡುವ ಮಕ್ಕಳು ಬಹಳ. ಟೆಲ್ಮಿಸಾರ್ಟನ್ ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುತ್ತದೆ. ತೀರ್ಥಹಳ್ಳಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಸ್ಟ್ರಿಪ್ಪನ್ನು ಮಾತ್ರೆ ಹೊರಬರದಂತೆ ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ, ತುಂಡುಗಳನ್ನೇ ಡಬ್ಬಿಯಲ್ಲಿಡಿ. ಸಂಯುಕ್ತ ಮಾತ್ರೆಗೆ ಬದಲಾದ ಮೇಲೂ ಹೀಗೆಯೇ ಮಾಡಿ.

ಬದಲಾದ ದಿನವೇ ಹಳೆಯ ಸ್ಟ್ರಿಪ್ಪುಗಳನ್ನು ಮನೆಯಿಂದ ತೆಗೆದುಬಿಡಿ. ಹೊಸದನ್ನೂ ಹಳೆಯದನ್ನೂ ಒಟ್ಟಿಗೆ ನುಂಗಿ, ತಲೆ ತಿರುಗುತ್ತದೆಂದು ಬಂದವರನ್ನು ನಾನು ಕಂಡಿದ್ದೇನೆ. ಕಂಪನಿ ಬದಲಾಗಿ ಮಾತ್ರೆಯ ಬಣ್ಣ ಬೇರೆಯಾದಾಗಲೂ ಇದೇ ಗೊಂದಲ. ಆದ್ದರಿಂದ ಔಷಧದ ಮೂಲ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಡಬ್ಬಿಗೆ ಅಂಟಿಸಿ.

ಉತ್ತರ 3 (ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ)

ಮಾತ್ರೆ ತೀರಿದ ಮೇಲೆ ಪೇಟೆಗೆ ಹೋಗಬೇಕಾಗುವುದೂ ಚಿಕಿತ್ಸೆ ತಪ್ಪಲು ದೊಡ್ಡ ಕಾರಣ. 2017ರಲ್ಲಿ ಆರಂಭವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮವು, ಕೆಲವೇ ಔಷಧಗಳ ನಿಶ್ಚಿತ ಕ್ರಮವನ್ನಿಟ್ಟುಕೊಂಡು ಮನೆಯ ಹತ್ತಿರದ ಕೇಂದ್ರದಲ್ಲೇ ಔಷಧ ದೊರೆಯುವಂತೆ ಮಾಡಲು ಹೊರಟದ್ದು ಇದಕ್ಕಾಗಿಯೇ. ತಾಯಿಯವರನ್ನು ನಿಮ್ಮೂರಿನ ಉಪಕೇಂದ್ರದಲ್ಲಿ ನೋಂದಾಯಿಸಿ, ಯಾವ ಔಷಧ ಅಲ್ಲಿ ಸಿಗುತ್ತದೆಂದು ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿ. ಸಂಯುಕ್ತ ಮಾತ್ರೆ ಅಲ್ಲಿ ಇಲ್ಲದಿದ್ದರೆ ಬಿಡಿಬಿಡಿಯಾಗಿ ಮೂರನ್ನೂ ಬೆಳಿಗ್ಗೆಯೇ ಕೊಡಬಹುದೇ ಎಂದು ವೈದ್ಯರನ್ನು ಕೇಳಬಹುದು.

ಮಲೆನಾಡಿನ ಮಗಳು

ಎಲ್ಲರಿಗೂ ಧನ್ಯವಾದಗಳು. ಒಂದು ದಿನ ಮರೆತರೆ ಮರುದಿನ ಎರಡು ಕೊಡಬೇಕೇ?

ಔಷಧದಂಗಡಿಯವನು

ಕೊಡಬಾರದು. ಅದೇ ದಿನ ನೆನಪಾದರೆ ಆಗಲೇ ಕೊಡಿ. ಮರುದಿನವಾದರೆ ಆ ದಿನದ್ದೊಂದೇ ಸಾಕು.