ಮಾವಿನ ತಾಂಡ್ರಕ್ಕೆ ನಮ್ಮ ಕಡೆ ಬೇರೆ ಕನ್ನಡ ಹೆಸರು ಇದ್ಯಾ?

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆ ಶ್ರೀನಿವಾಸಪುರದ ಕಡೆಯ ಒಂದು ಪದದ ವಿಚಾರ, ಬಲ್ಲವರು ಸ್ವಲ್ಪ ಹೇಳಿ. ಮೇ-ಜೂನ್ ಬಂತು ಅಂದ್ರೆ ನಮ್ಮಲ್ಲಿ ಹಣ್ಣು ತಿಂದು ಮುಗಿಯಲ್ಲ, ಆಗ ರಸ ಹಿಂಡಿ ತಟ್ಟೇಲಿ ಹುಯ್ದು ಬಿಸ್ಲಲ್ಲಿ ಒಣಗಿಸಿ ಮಾಗಿ ಚಳಿವರೆಗೂ ಇಟ್ಕೊಳ್ತೀವಲ್ಲ, ಅದಕ್ಕೆ ಮನೇಲಿ ಎಲ್ರೂ ಹೇಳೋದು ‘ತಾಂಡ್ರ’ ಅಂತಾನೇ. ತೆಲುಗಿಂದ ಬಂದಿದ್ದು. ಗೋದಾವರಿ ಕಡೆ ಆತ್ರೇಯಪುರದ ಮಾಮಿಡಿ ತಾಂಡ್ರ ಹೆಸರುವಾಸಿ, ತಾಳೆಹಣ್ಣಿಂದ ಮಾಡಿದ್ರೆ ತಾಟಿ ತಾಂಡ್ರ, ಹಂಗಾಗಿ ಆ ಪದ ಮಾವಿಗಷ್ಟೇ ಕಟ್ಟುಬಿದ್ದಿದ್ದಲ್ಲ.

ಈಗ ಯಾಕೆ ಕೇಳ್ತಿದೀನಿ ಅಂದ್ರೆ, ನಮ್ಮೂರ ಹೆಂಗಸರ ಸಂಘದೋರು ಈ ಸಲ ಪ್ಯಾಕೆಟ್ ಮಾಡಿ ಮಾರ್ತಿದಾರೆ, ಲೇಬಲ್ ಮೇಲೆ ಏನು ಬರೀಬೇಕು ಅಂತ ಚರ್ಚೆ ಆಗಿ ಯಾರೋ ಓದಿದೋರು ‘ಸಂಸ್ಕರಿಸಿದ ಮಾವಿನ ತಿರುಳಿನ ಹಾಳೆ’ ಅಂತ ಬರ್ಕೊಟ್ರು. ಅದನ್ನ ನೋಡಿದ್ರೆ ಯಾರಿಗೂ ಬಾಯಲ್ಲಿ ನೀರೂರಲ್ಲ. ‘ಮ್ಯಾಂಗೋ ಬಾರ್’ ಅಂದ್ರೆ ಅಂಗಡಿ ಚಾಕ್ಲೇಟ್ ಆಗೋಯ್ತು. ‘ಮಾವಿನ ಹಪ್ಪಳ’ ಅಂದ್ರು ಇನ್ನೊಬ್ರು, ಅದೂ ನಂಗೆ ಒಪ್ಪಿಗೆ ಇಲ್ಲ, ಹಲಸಿನ ಹಪ್ಪಳ ತಿಂದು ಬೆಳೆದ ಜನಕ್ಕೆ ಹಪ್ಪಳ ಅಂದ ತಕ್ಷಣ ಎಣ್ಣೆ ಬಾಣಲಿ ನೆನಪಾಗುತ್ತೆ, ಇದನ್ನ ಕರಿದ್ರೆ ಸೀದು ಕರಿ ಆಗುತ್ತೆ ಅಷ್ಟೇ.

ಕರಾವಳಿ, ಮಲೆನಾಡು ಕಡೆಯೋರು ಇದಕ್ಕೆ ‘ಮಾಂಬಳ’ ಅಂತಾರೆ, ಮಳೆಗಾಲದಲ್ಲಿ ನೆನೆಹಾಕಿ ಗೊಜ್ಜೂ ಮಾಡ್ತಾರೆ. ಚೆಂದದ ಪದ. ತಮಿಳು, ಮಲಯಾಳದಲ್ಲಿ ಹೆಚ್ಚುಕಡಿಮೆ ಇದೇ ಪದಕ್ಕೆ ಬರೀ ಮಾವಿನ ಹಣ್ಣು ಅಂತ ಅರ್ಥ, ಇವರಲ್ಲಿ ಒಣಗಿಸಿದ್ದಕ್ಕೆ ನಿಂತಿದೆ. ಆದ್ರೆ ಕೋಲಾರದ ಬಾಯಲ್ಲಿ ಮಾಂಬಳ ಓಡಲ್ಲ. ಉತ್ತರ ಕರ್ನಾಟಕದ ಗುಳಂಬ ಬೇರೇನೇ, ಅದು ಮಾವಿನಕಾಯಿ ತುರಿದು ಬೆಲ್ಲದಲ್ಲಿ ಪಾಕ ಮಾಡೋದು.

ಹೆಸರಿಗಿಂತ ನಂಗೆ ಹೆಚ್ಚು ಮುಖ್ಯ ಅನ್ಸೋದು ಕೆಲಸದ ಮಾತುಗಳು. ರಸಪುರಿ ಹಣ್ಣನ್ನ ಹಿಂಡಿ, ನಾರು ಹೋಗೋ ಹಂಗೆ ತೆಳು ಬಟ್ಟೇಲಿ ಸೋಸಿ, ತುಪ್ಪ ಸವರಿದ ತಟ್ಟೆ ಮೇಲೆ ಒಂದು ‘ಪೂತ’ ಎಳೀತಾರೆ, ಅದು ಒಣಗಿದ ಮೇಲೆ ಮಾರನೇ ದಿನ ಇನ್ನೊಂದು ಪೂತ, ಹಿಂಗೆ ಪೂತದ ಮೇಲೆ ಪೂತ, ಮಧ್ಯಾಹ್ನ ಮೋಡ ಕವಿದ್ರೆ ಎಲ್ಲಾ ಒಳಗೆ ಓಡಿಸ್ಬೇಕು. ಬೆರಳಿಟ್ರೆ ಅಂಟಬಾರದು, ಮಡಚಿದ್ರೆ ಮುರೀಬಾರದು, ಅಷ್ಟಾದ್ರೆ ‘ಹದ ಬಂತು’ ಅಂತಾರೆ. ಮಾವಿನ ತಿರುಳಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ ಇರುತ್ತೆ, ಅದು 15-20ಕ್ಕೆ ಇಳಿದ್ರೇನೇ ಬೂಷ್ಟು ಹಿಡೀದೆ ಉಳಿಯೋದು, ಈ ಲೆಕ್ಕ ಯಾರೂ ಹೇಳ್ಕೊಡದೇನೇ ಬೆರಳಿಗೆ ಗೊತ್ತಿದೆ. ಆಮೇಲೆ ಬಾಡಿಸೋದು ನೆರಳಲ್ಲಿ, ಒಣಗಿಸೋದು ಬಿಸ್ಲಲ್ಲಿ, ಬತ್ತಿಸೋದು ಒಲೆ ಮೇಲೆ, ಒಂದನ್ನ ಇನ್ನೊಂದರ ಜಾಗದಲ್ಲಿ ಹೇಳಿದ್ರೆ ನಮ್ಮಜ್ಜಿ ಒಪ್ತಿರಲಿಲ್ಲ. (ಒಣಗಿಸಿಟ್ಟ ತರಕಾರಿಗೆ ತಮಿಳಲ್ಲಿ ವತ್ತಲ್ ಅಂತಾರಲ್ಲ, ಅದು ನಮ್ಮ ಬತ್ತು ಪದದ ದಾಯಾದಿನೇ.) ಇಷ್ಟನ್ನೂ ಒಟ್ಟಿಗೆ ‘ಸಂಸ್ಕರಣೆ’ ಅಂತ ಒಂದೇ ಮೂಟೆಗೆ ತುಂಬಿದ್ರೆ ಹೊಟ್ಟೆ ಉರಿಯುತ್ತೆ. ಇನ್ನು ಕೆಡದ ಹಂಗೆ ಕಾಪಾಡೋದಕ್ಕೆ ಮನೆ ಮಾತು ‘ಎತ್ತಿಡೋದು’ ಅಂತ, ಅಷ್ಟು ಸಾಕು, ಸಂರಕ್ಷಣೆ ಬೇಕಾಗಿಲ್ಲ.

ನನ್ನ ಅಭಿಪ್ರಾಯ, ಲೇಬಲ್ ಮೇಲೆ ದೊಡ್ಡದಾಗಿ ‘ಮಾವಿನ ತಾಂಡ್ರ’ ಅಂತಾನೇ ಬರೀಬೇಕು. ಎರಡೂ ಭಾಷೆ ಮನೇಲೇ ಆಡೋ ಊರು ನಮ್ದು, ಇಲ್ಲಿ ತಾಂಡ್ರ ಹೊರಗಿನ ಪದ ಅಂತ ಯಾರಿಗೂ ಅನ್ಸಲ್ಲ, ಅದಕ್ಕೆ ಅಂತ ಹೊಸ ಪದ ಹುಟ್ಟಿಸೋದು ಬೇಡ. ಆದ್ರೆ ಹಳೇದೊಂದು ಇದ್ದು ಮರೆತುಹೋಗಿದ್ರೆ ಅದೂ ಸಿಗ್ಲಿ ಅಂತ ಆಸೆ. ಮುಳಬಾಗಿಲು, ಚಿಂತಾಮಣಿ, ಆ ಕಡೆ ಗುಬ್ಬಿ, ಕುಣಿಗಲ್‌ನೋರು ನಿಮ್ಮನೆ ಹಿರಿಯರನ್ನ ಕೇಳಿ ಹೇಳ್ತೀರಾ? ಹಲಸಿನ ಹಣ್ಣಿನ ರಸ ಹಿಂಗೆ ಒಣಗಿಸಿದ್ರೆ ತುಮಕೂರು ಕಡೆ ಏನಂತಾರೆ? ‘ಪೂತ’ಕ್ಕೆ ಪದರ, ಲೇಪ ಬಿಟ್ಟು ನಿಮ್ಮಲ್ಲಿ ಬೇರೆ ಮಾತಿದ್ರೆ ಅದನ್ನೂ ಬರೀರಿ, ಲೇಬಲ್ ಪ್ರಿಂಟಿಗೆ ಹೋಗೋಕೆ ಇನ್ನೂ ಟೈಮ್ ಇದೆ.