ಮಗ ಶಾಲೆಯಲ್ಲಿ ‘ಆಟಂ ಬಾಂಬ್’ ಅಂತ ಬರೆದುಬಿಟ್ಟಿದ್ದಾನೆ, ಏನು ಮಾಡಲಿ?

ಚಿಂತಾಮಣಿ ಅಮ್ಮ, ಲೆಸ್ಟರ್:
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ನಿದ್ದೆ ಇಲ್ಲ. ಮಗನಿಗೆ 8 ವರ್ಷ. ರಜೆಯಲ್ಲಿ ಏನು ಮಾಡ್ತೀರಿ ಅಂತ ಬರೆಯಲು ಹೇಳಿದ್ದರಂತೆ. ಇವನು “ಚಿಂತಾಮಣಿಯಲ್ಲಿ ನಮ್ಮ ತಾತ ಅಟ್ಟದ ಮೇಲೆ ಆಟಂ ಬಾಂಬ್ ಬಚ್ಚಿಟ್ಟಿದ್ದಾರೆ, ಈ ಸಲ ನಾನೇ ಹಚ್ಚುತ್ತೇನೆ” ಅಂತ ಬರೆದು, ಪಕ್ಕದಲ್ಲಿ ಹಸಿರು ದಾರ ಸುತ್ತಿದ ಉಂಡೆ, ಬತ್ತಿ, ಹೊಗೆ ಎಲ್ಲ ಬಿಡಿಸಿದ್ದಾನೆ. ಪಟಾಕಿ ಅಂತ ಒಂದು ಪದ ಹಾಕಬಾರದಿತ್ತಾ! ಟೀಚರ್ ಕರೆಸಿ ತಾತ ಯಾರು, ಏನು ಕೆಲಸ, ಮನೆಯಲ್ಲಿ ಏನು ಮಾತಾಡ್ತೀರಿ ಅಂತ ಅರ್ಧ ಗಂಟೆ ಕೇಳಿದರು. ನಗುತ್ತಲೇ ಕೇಳಿದರು, ಬರೆದುಕೊಳ್ಳುತ್ತಲೂ ಇದ್ದರು. ಮುಂದಿನ ವರ್ಷ ಪಿಆರ್‌ಗೆ, ಅಂದರೆ ಬ್ರಿಟನ್‌ನಲ್ಲೇ ಕಾಯಂ ಇರುವ ಅನುಮತಿಗೆ, ಹಾಕಬೇಕು. ಇದು ಎಲ್ಲಾದರೂ ದಾಖಲಾಗುತ್ತದಾ?

ಮುಳಬಾಗಿಲು ದೋಸೆ:
ಅಕ್ಕ, ಗಾಬರಿ ಬೇಡ. ಇದು ಯಾರೂ ಭಯೋತ್ಪಾದನೆ ಕಡೆ ವಾಲದಂತೆ ತಡೆಯೋಕೆ ಇರುವ ‘ಪ್ರಿವೆಂಟ್’ ಅನ್ನೋ ನಿಯಮ. 2015ರ ಕಾಯ್ದೆಯಿಂದ ಬಂದದ್ದು, ಆ ವರ್ಷ ಜುಲೈ 1ರಿಂದ ಶಾಲೆ, ನರ್ಸರಿಗಳಿಗೂ ಕಡ್ಡಾಯ. ಟೀಚರ್ ಕೇಳಲೇಬೇಕು, ಅದು ಅವರ ಕೆಲಸ. ಶಾಲೆಯ ಫೈಲಲ್ಲಿ ಬರೆದಿಡುವುದು ಬೇರೆ, ಮುಂದಕ್ಕೆ ಪೊಲೀಸರಿಗೋ ಕೌನ್ಸಿಲ್‌ಗೋ ಕಳಿಸುವುದು ಬೇರೆ. ಕಳಿಸಿದ್ದೀರಾ ಅಂತ ಮೇಲ್‌ನಲ್ಲೇ ಕೇಳಿ. ಕಳಿಸಿದ್ದರೂ ಅದು ಕ್ರಿಮಿನಲ್ ಕೇಸ್ ಅಲ್ಲ. ‘ಚಾನೆಲ್’ ಅನ್ನೋ ಅದರ ಸಲಹೆ-ನೆರವಿನ ಕಾರ್ಯಕ್ರಮಕ್ಕೆ ಸೇರಿಸಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಮಗನ ಬಗ್ಗೆ ಏನು ಬರೆದಿದ್ದಾರೆ ಅಂತ ಕಾಪಿ ಕೇಳಬಹುದು, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ಪಟಾಕಿ ಡಬ್ಬದ ಫೋಟೋ ಒಂದು ಲಗತ್ತಿಸಿ.

ಶಿರಾ ಸೀಮೆ:
ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಯಾಕೆ ಮುಟ್ಟಿಕೊಳ್ತೀರಿ? 2005ರ ಜುಲೈ 7ರಂದು ನಾನು ಲಂಡನ್ನಲ್ಲೇ ಇದ್ದೆ. ಬಾಂಬ್ ಸಿಡಿದು 52 ಜನ ಸತ್ತರು. ಹೆಂಡತಿಗೆ ಫೋನ್ ಸಿಗದೆ ಮನೆವರೆಗೂ ನಡೆದುಕೊಂಡು ಹೋದೆ, ದಾರಿಯುದ್ದಕ್ಕೂ ಆಂಬುಲೆನ್ಸ್ ಸದ್ದು. ಆ ಸದ್ದು ಕೇಳಿದವರು ಸ್ವಾತಂತ್ರ್ಯ, ಹಕ್ಕು ಅಂತ ಭಾಷಣ ಮಾಡಲ್ಲ. ಮಗುವನ್ನು ಕೇಳಲಿ, ನನ್ನನ್ನೂ ಕೇಳಲಿ. ಕೇಳದೆ ಬಿಟ್ಟರೆ ಸರ್ಕಾರ ನಿದ್ದೆ ಮಾಡ್ತಿತ್ತಾ ಅಂತ ನೀವೇ ಬೈತೀರಿ.

ಮಾಲೂರು ಮಾವ, ಬರ್ಮಿಂಗ್‌ಹ್ಯಾಮ್:
ಭಾಷಣ ಯಾರು ಮಾಡಿದರು ಸ್ವಾಮಿ? 1974ರ ನವೆಂಬರ್‌ನಲ್ಲಿ ನಮ್ಮ ಈ ಊರಿನ ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತಾಗ ಎಂಟೇ ದಿನದಲ್ಲಿ ಭಯೋತ್ಪಾದನೆ ತಡೆ ಕಾನೂನು ತಂದರು, ತಾತ್ಕಾಲಿಕ ಅಂತ ಹೆಸರಲ್ಲೇ ಇತ್ತು, ನವೀಕರಿಸಿಕೊಂಡೇ ಬಂದು ಕೊನೆಗೆ 2000ದಲ್ಲಿ ಕಾಯಂ ಕಾಯ್ದೆಯನ್ನೇ ಮಾಡಿಬಿಟ್ಟರು. ಆ ಸ್ಫೋಟದ ಕೇಸಲ್ಲಿ ಒಳಗೆ ಹೋದ ಆರು ಜನ ತಪ್ಪೇ ಮಾಡಿರಲಿಲ್ಲ. ಹೊರಗೆ ಬಂದದ್ದು 1991ರಲ್ಲಿ. 16 ವರ್ಷ!
ಊರಲ್ಲೇನು ಕಮ್ಮಿ? ಅಣ್ಣಾವ್ರನ್ನು ವೀರಪ್ಪನ್ ಎತ್ತಿಕೊಂಡು ಹೋದಾಗ ಟಾಡಾ, ಅಂದರೆ ನಮ್ಮೂರಿನ ಭಯೋತ್ಪಾದನೆ ತಡೆ ಕಾನೂನಿನ, ಕೈದಿಗಳನ್ನು ಬಿಡಿ ಅಂದಿದ್ದ, ನೆನಪಿದೆಯಾ? ಮಾಲೂರು ಬಸ್ ಸ್ಟ್ಯಾಂಡಲ್ಲಿ ನಮಗೆಲ್ಲ ಆ ಪದ ಗೊತ್ತಾಗಿದ್ದೇ ಆಗ. 1985ರಲ್ಲಿ ಎರಡು ವರ್ಷಕ್ಕೆ ಅಂತ ತಂದ ಕಾನೂನು 1995ಕ್ಕೆ ಮುಗಿದಿತ್ತು. ಅದರಡಿ ಹಿಡಿದವರು 2000ದಲ್ಲೂ ಮೈಸೂರು ಜೈಲಲ್ಲೇ ಕೂತಿದ್ದರು. ಅವರಲ್ಲಿ ಜಾಸ್ತಿ ಜನ ಮಾರನೇ ವರ್ಷ ಖುಲಾಸೆ ಆದರು.

ಶಿರಾ ಸೀಮೆ:
ವೀರಪ್ಪನ್‌ಗೂ ಇದಕ್ಕೂ ಏನ್ರೀ ಸಂಬಂಧ? ಇಷ್ಟು ಕಷ್ಟ ಆದರೆ ವಾಪಸ್ ಹೋಗಿ.

ತಿಪಟೂರು ಕೊಬ್ಬರಿ:
ನಮ್ಮ ಮಕ್ಕಳು ಭಾನುವಾರ ತಪ್ಪದೆ ಕನ್ನಡ ಕ್ಲಾಸಿಗೆ ಹೋಗ್ತಾರೆ, ಯಾವ ತಾಪತ್ರಯವೂ ಇಲ್ಲ. ಸಂಸ್ಕಾರ ಮನೆಯಿಂದ ಬರಬೇಕು.

ಮುಳಬಾಗಿಲು ದೋಸೆ:
ಪಟಾಕಿಗೂ ಸಂಸ್ಕಾರಕ್ಕೂ ಏನು ಸಂಬಂಧ ಸರ್, ಸುಮ್ನೆ ಇರಿ. ಅಕ್ಕ, ಮೇಲ್ ಹಾಕಿದ್ರಾ?

ಮಾಲೂರು ಮಾವ, ಬರ್ಮಿಂಗ್‌ಹ್ಯಾಮ್:
ವಾಪಸ್ ಹೋಗೋದು ನಿಮ್ಮಪ್ಪನ ಮನೆ ಮಾತಾ? ಇಷ್ಟು ವರ್ಷ ಇಲ್ಲಿ ತೆರಿಗೆ ಕಟ್ಟಿದ್ದೇನೆ. ಅಪ್ಪ ಸತ್ತಾಗಲೂ ಟೈಮಿಗೆ ಹೋಗಲಿಕ್ಕೆ ಆಗಲಿಲ್ಲ.

ಚಿಂತಾಮಣಿ ಅಮ್ಮ, ಲೆಸ್ಟರ್:
ಹಾಕಿದೆ, ಇನ್ನೂ ಉತ್ತರ ಬಂದಿಲ್ಲ. ರಾತ್ರಿ ವಿಡಿಯೋ ಕಾಲಲ್ಲಿ ನಮ್ಮಪ್ಪ ಖುಷಿಯಿಂದ ಡಬ್ಬ ತೋರಿಸಲು ಬಂದರು. ಇವನು ಫೋನ್ ಹತ್ತಿರ ಬಾಯಿಟ್ಟು “ತಾತ, ಆ ಹೆಸರು ಹೇಳಬೇಡ” ಅಂತ ಪಿಸುಗುಟ್ಟಿದ. ಅವರಿಗೆ ಕಿವಿ ಮಂದ. ಏನಪ್ಪಾ, ಏನಪ್ಪಾ ಅಂತ ಕೇಳ್ತಾನೇ ಇದ್ದರು.